ಪರೀಕ್ಷೆಗೆ ಕೂತ ಬಾಯಿ

ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎಂಬ ಗಾದೆ ಕಟ್ಟಿದವರಿಗೆ ಮೈಕಣ್ಣನ ಪರಿಚಯವಿರಲಿಲ್ಲ. ಅವನು ಬದುಕಿದ್ದೆಲ್ಲ ಪರರ ಬಾಯಿಂದ. ದುಡಿಯುವ ವಯಸ್ಸು ಮುಗಿಯುವವರೆಗೂ ಪ್ರಾರ್ಥನಾ ಮಂದಿರದ ಕಂಬದ ಹಿಂದೆ, ಮೈಕಿನ ಪೆಟ್ಟಿಗೆಯ ಗುಂಡಿಗಳ ಮೇಲೆ ಬೆರಳಿಟ್ಟುಕೊಂಡು ಕೂತವನು. ಸಂಜೆಯಾದರೆ ಪದ್ಯ ಓದುವವರು ಬರುತ್ತಿದ್ದರು, ಅರ್ಥ ಹೇಳುವವರು ಬರುತ್ತಿದ್ದರು, ಅವನು ಅವರ ದನಿಯನ್ನು ತಕ್ಕಷ್ಟು ಏರಿಸಿ, ತಕ್ಕಷ್ಟು ಇಳಿಸಿ, ಕಣ್ಣುಮುಚ್ಚಿ ಕೇಳುತ್ತಿದ್ದ. ಯಾರ ಹಲ್ಲು ಸಡಿಲವಾಗಿದೆ ಎಂಬುದು ಅವರ ‘ಸ’ಕಾರದಲ್ಲೇ ಅವನಿಗೆ ತಿಳಿಯುತ್ತಿತ್ತು. ಸಾವಿರಾರು ಪದ್ಯಗಳು ಹಾಗೆಯೇ ಅವನ ಒಳಗೆ ಇಳಿದು ಕೂತಿದ್ದವು. ಅವನ ಬಾಯಿಂದ ಮಾತ್ರ ಒಂದೂ ಹೊರಬಂದಿರಲಿಲ್ಲ. ಹೇಳುವುದು ಒಂದು ಪೂಜೆಯಾದರೆ ಕೇಳುವುದೂ ಒಂದು ಪೂಜೆ ಎಂದು ನಂಬಿದವನು ಅವನು. ಬಾಯಿಯನ್ನು ಅವನು ಬಳಸಿದ್ದು ಊಟಕ್ಕೆ, ಮತ್ತೆ ವೈರಿನ ತುದಿಯ ರಬ್ಬರನ್ನು ಹಲ್ಲಿನಿಂದ ಸುಲಿಯುವುದಕ್ಕೆ.

ಕೊನೆಗೆ ಆ ಸುಲಿತದಿಂದಲೇ ಒಂದು ಹಲ್ಲು ಮುರಿದು, ದಂತ ಕಾಲೇಜಿನ ಕುರ್ಚಿಯಲ್ಲಿ ಹೋಗಿ ಕೂತ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಮೈಕಣ್ಣನಿಗೆ ಆದದ್ದು ಉಲ್ಟಾ. ದೀಪ ಹಾಕಿ ಒಳಗೆ ಇಣುಕಿದ ಪ್ರೊಫೆಸರ್ ಮೇಡಂ, ಬಾವಿ ತೋಡುವಾಗ ನಿಧಿ ಕಂಡವರ ಹಾಗೆ ಕೂಗಿಕೊಂಡರು.

“ಬನ್ರಪ್ಪ, ಎಲ್ಲ ಇಲ್ಲಿ ಬನ್ನಿ! ಮೂರೂ ಒಂದೇ ಬಾಯಲ್ಲಿ!”

ಮುರಿದ ಹಲ್ಲನ್ನು ಆ ದಿನ ಯಾರೂ ಕೇಳಲಿಲ್ಲ. ನಾಲಿಗೆಯ ಮೇಲೆ ದೇಶದೇಶಗಳ ಗಡಿ ಎಳೆದಂತೆ ಕೆಂಪು ಮಚ್ಚೆ, ಸುತ್ತ ಬಿಳಿ ಅಂಚು. ಅದು ಭೂಪಟದ ನಾಲಿಗೆ, ಅದರಿಂದ ಅಪಾಯವಿಲ್ಲ. ಕೆನ್ನೆಯ ಒಳಮೈಯಲ್ಲಿ ಬಿಳಿನೂಲಿನ ಕಸೂತಿ. ಅದರ ಮೇಲೆ ಒಂದು ಕಣ್ಣಿಟ್ಟಿರಬೇಕು, ಅಷ್ಟೆ. ಅಂಗುಳದ ನಡುವೆ ಹುಟ್ಟಿನಿಂದಲೂ ಬೆಳೆದುಬಂದ ಮೂಳೆಯ ಗಂಟು. ಅದು ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ, ಎಲ್ಲರ ಅಂಗುಳವೂ ಹಾಗೇ ಇರುತ್ತದೆ ಎಂದುಕೊಂಡಿದ್ದ.

ಅಂದಿನಿಂದ ಪ್ರತಿವರ್ಷ ಪರೀಕ್ಷೆಗೆ ಅವನಿಗೆ ಕರೆ ಬರುತ್ತಿತ್ತು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಅವನ ಬಾಯಿ ನೋಡಿ ಏನಿದೆ ಎಂದು ಹೇಳಬೇಕು. ಪಕ್ಕದಲ್ಲಿ ಮೇಡಂ ಮತ್ತು ಹೊರಗಿನಿಂದ ಬಂದ ಪರೀಕ್ಷಕರು ಕೂತಿರುತ್ತಾರೆ. ರೋಗಿಗೆ ಇದ್ದ ನಿಯಮ ಒಂದೇ: ಬಾಯಿ ಬಿಡಬೇಕು, ಮಾತಾಡಬಾರದು. ಮೈಕಣ್ಣನಿಗೆ ಇದಕ್ಕಿಂತ ಒಪ್ಪುವ ಉದ್ಯೋಗ ಭೂಮಿಯ ಮೇಲೆ ಇರಲಿಲ್ಲ. ಅವನು ಕೇಳಿದ. ವರ್ಷವರ್ಷವೂ ಅವೇ ಪ್ರಶ್ನೆ, ಅವೇ ಉತ್ತರ. ಮಂದಿರದ ಪದ್ಯಗಳ ಪಕ್ಕದಲ್ಲೇ ಅವೂ ಹೋಗಿ ಕೂತವು.

ಹೀಗಿರುತ್ತ ಒಂದು ಸಲ ಪರೀಕ್ಷೆಯ ಹಾಲಿನ ಹೊರಗೆ ಇಬ್ಬರು ಹುಡುಗರು ಗೋಡೆಗೆ ಹಣೆ ಹಚ್ಚಿ ಏನೋ ಗೊಣಗುತ್ತಿದ್ದುದು ಅವನ ಕಿವಿಗೆ ಬಿತ್ತು.

ಎಡಕೆ ನಾಲಿಗೆಮೇಲೆ ಭೂಪಟವು, ಭಯವಿಲ್ಲ;
ಕೆಡದ ಕೆನ್ನೆಯ ಒಳಗೆ ಬಿಳಿನೂಲ ಬಲೆಯು;
ನಡು ಅಂಗುಳದಿ ಗಂಟು, ಮುಟ್ಟಿದರೆ ನೋವಿಲ್ಲ;
ಬಿಡು ಚಿಂತೆ, ಬರೆದುಬಿಡು, ಬಾಯಿ ಮುಚ್ಚಿಸೋ!

ಹಾಸ್ಟೆಲಿನ ಹಿರಿಯರು ಕಟ್ಟಿ, ಕಿರಿಯರ ಬಾಯಿಗೆ ಹಾಕಿದ ಪದ್ಯ ಅದು. ಮೈಕಣ್ಣ ನಿಂತಲ್ಲೇ ಬೆರಳು ಮಡಿಸಿ ಮಾತ್ರೆ ಎಣಿಸಿದ. ಐದೈದಕ್ಕೆ ಸರಿಯಾಗಿ ಮುರಿಯುತ್ತಿತ್ತು. ಪ್ರಾಸವೂ ಸಾಲು ತಪ್ಪದೆ ಬಂದಿತ್ತು. ಇದು ಕಳ್ಳದಾರಿ, ಮೇಡಂಗೆ ಹೇಳಬೇಕು ಎಂದು ಅವನಿಗೆ ಹೊಳೆಯದೆ ಇರಲಿಲ್ಲ. ಆದರೆ ಜೀವಮಾನವಿಡೀ ಪದ್ಯ ಕೇಳಿದವನು ಈಗ ತಾನೇ ಪದ್ಯದೊಳಗೆ ಸೇರಿದ್ದ. ಇಂಥ ಭಾಗ್ಯವನ್ನು ಕೈಯಾರೆ ಕೊಲ್ಲುವುದು ಹೇಗೆ? ಮನೆಗೆ ಹೋಗಿ ಹೆಂಡತಿಯ ಮುಂದೆ, ಎಂದೂ ಹಾಡದವನು, ರಾಗ ಹಿಡಿದು ಹೇಳಿಬಿಟ್ಟ.

“ದೇವರ ಮೇಲೆ ಪದ್ಯ ಕಟ್ಟೋದು ಕೇಳಿದ್ದೆ,” ಎಂದಳು ಅವಳು, ಬಟ್ಟೆ ಮಡಿಸುತ್ತ. “ಹುಣ್ಣಿನ ಮೇಲೆ ಕಟ್ಟೋದು ಇವತ್ತು ಕೇಳಿದೆ.”

“ಹುಣ್ಣಲ್ಲ ಕಣೇ, ಭೂಪಟ.”

“ಹೂಂ. ಊರು ಬಿಟ್ಟು ಒಂದು ದಿನ ಹೊರಗೆ ಕರ್ಕೊಂಡು ಹೋಗಲಿಲ್ಲ, ಬಾಯಲ್ಲಿ ಮಾತ್ರ ದೇಶ ಇಟ್ಕೊಂಡು ತಿರುಗ್ತೀರಿ.”

ಹೀಗೆ ಗೌರವದಿಂದ ನಡೆಯುತ್ತಿದ್ದ ಬಾಯಿಗೆ ಈ ವರ್ಷ ಕರೆಯದೆ ಒಬ್ಬ ಅತಿಥಿ ಬಂದ. ನಾಲಿಗೆಯ ಅಡಿಯಲ್ಲಿ, ಎಡಮಗ್ಗುಲಿಗೆ, ಮುರಿದ ಹಲ್ಲಿನ ಹತ್ತಿರ. ನಾಲಿಗೆಯ ತುದಿಯನ್ನು ಮಡಿಸಿ ಸವರಿದರೆ ಅಲ್ಲಿ ಒರಟು ತಾಗುತ್ತಿತ್ತು. ಒಂದು ಬೆಳಿಗ್ಗೆ ಬಚ್ಚಲಿನ ಕನ್ನಡಿಯ ಮುಂದೆ ಟಾರ್ಚು ಹಿಡಿದು ನಾಲಿಗೆ ಎತ್ತಿ ನೋಡಿದ. ಕೆಂಪು, ನಡುನಡುವೆ ಬಿಳಿ. ಒದ್ದೆ ಬಟ್ಟೆಯಿಂದ ಒರೆಸಿದ. ಹೋಗಲಿಲ್ಲ. ನೋವೂ ಇರಲಿಲ್ಲ.

ನೋವಿದ್ದರೆ ಅವನು ನೆಮ್ಮದಿಯಿಂದ ಇರುತ್ತಿದ್ದ. ಪರೀಕ್ಷಕರು ಪ್ರತಿವರ್ಷ ಕಡೆಯಲ್ಲಿ ಕೇಳುವ ಪ್ರಶ್ನೆ ಒಂದಿತ್ತು: “ಬಾಯಲ್ಲಿ ಎಲ್ಲಕ್ಕಿಂತ ಹೆದರಬೇಕಾದ್ದು ಯಾವುದು?” ಅದಕ್ಕೆ ವಿದ್ಯಾರ್ಥಿಗಳು ಮಂತ್ರದಂತೆ ಉತ್ತರ ಹೇಳುತ್ತಿದ್ದರು: “ನೋವಿಲ್ಲದ್ದು ಸರ್. ಕೆಂಪು ಬಿಳಿ ಕಲೆತದ್ದು, ಒರೆಸಿದರೆ ಹೋಗದ್ದು, ಎರಡು ವಾರ ಕಳೆದರೂ ಮಾಯದ್ದು. ಅದರಲ್ಲೂ ನಾಲಿಗೆಯ ಅಡಿಯಲ್ಲಿ ಇರೋದು.” ಎಷ್ಟು ಬಾಯಲ್ಲಿ ಕೇಳಿದ್ದನೋ ಅಷ್ಟೂ ಬಾಯಿಗಳು ಈಗ ಒಟ್ಟಿಗೆ ಅವನ ತಲೆಯಲ್ಲಿ ಅದನ್ನೇ ಹೇಳತೊಡಗಿದವು. ಮೈಕಣ್ಣ ಟಾರ್ಚು ಆರಿಸಿ, ಕನ್ನಡಿಯ ಮೇಲೆ ಟವೆಲು ಹಾಕಿದ.

ಬುದ್ಧಿವಂತನಾಗಿದ್ದರೆ ಅದೇ ಗಳಿಗೆ ಮೇಡಂ ಹತ್ತಿರ ಓಡುತ್ತಿದ್ದ. ಆದರೆ ಅವನು ಭಕ್ತ. ಭಕ್ತರಿಗೆ ಮಾತ್ರ ಹೊಳೆಯುವಂಥ ಒಂದು ಉಪಾಯ ಅವನಿಗೆ ಹೊಳೆಯಿತು. ಪರೀಕ್ಷೆ ಹತ್ತಿರವೇ ಇದೆ. ಕಲಿತ ಕಣ್ಣುಗಳು, ದೀಪ, ಕನ್ನಡಿ ಎಲ್ಲ ಸಾಲುಗಟ್ಟಿ ಈ ಬಾಯಿಯ ಮುಂದೆ ಬಂದು ನಿಲ್ಲುತ್ತವೆ. ಕೆಟ್ಟದ್ದಿದ್ದರೆ ದೇವರು ಅದನ್ನು ಅವರಲ್ಲಿ ಯಾರಾದರೊಬ್ಬರ ಕಣ್ಣಿಗೆ ಕಾಣುವಂತೆ ಮಾಡುತ್ತಾನೆ. ಇಷ್ಟು ಜನ ನೋಡಿದ ಮೇಲೂ ಕಾಣದಿದ್ದರೆ, ಅದು ಇಲ್ಲವೇ ಇಲ್ಲ ಎಂದೇ ಅರ್ಥ. ತಾನಾಗಿ ಹೇಳುವುದಿಲ್ಲ, ಮುಚ್ಚಿಡುವುದೂ ಇಲ್ಲ. ತೀರ್ಪು ದೇವರದು. ಇದನ್ನು ಅವನು ಶರಣಾಗತಿ ಎಂದು ಕರೆದುಕೊಂಡ. ದೇವರನ್ನೇ ಪರೀಕ್ಷೆಗೆ ಕೂರಿಸಿದ್ದೇನೆ ಎಂಬುದು ಅವನ ಮನಸ್ಸಿಗೆ ಬರಲಿಲ್ಲ.

ಮನೆಯಲ್ಲಿ ಇನ್ನೊಂದು ಪರೀಕ್ಷಾ ಮಂಡಳಿ ಇತ್ತು, ಅದಕ್ಕೆ ದೀಪ ಬೇಕಿರಲಿಲ್ಲ.

“ಯಾಕೆ ಒಂದೇ ಮಗ್ಗುಲಲ್ಲಿ ಅಗೀತೀರಿ?”

“ಹಾಗೇ,” ಎಂದ. ನೋವಿಲ್ಲದಿದ್ದರೂ ಆ ಮಗ್ಗುಲಿಗೆ ತುತ್ತು ತಾಗಿಸಲು ಅವನಿಗೆ ಹೆದರಿಕೆ.

“ಹಾಗೇ ಅಂದ್ರೆ? ಬಿಸಿ ಮುಟ್ಟಲ್ಲ, ಖಾರ ಮುಟ್ಟಲ್ಲ. ಊರಿಗೆಲ್ಲ ಬಾಯಿ ತೋರಿಸಿ ಬರ್ತೀರಿ, ಕಟ್ಕೊಂಡವಳಿಗೆ ಒಂದ್ಸಲ ತೋರಿಸಿ, ನೋಡೋಣ.”

“ನಿನಗೇನು ಗೊತ್ತಾಗುತ್ತೆ ಅದರಲ್ಲಿ? ಪರೀಕ್ಷೆ ಮುಗೀಲಿ.”

“ನನಗೆ ಭೂಪಟ ಓದೋಕೆ ಬರಲ್ಲ, ನಿಮ್ಮ ಮುಖ ಓದೋಕೆ ಬರುತ್ತೆ,” ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು. ಆ ರಾತ್ರಿಯಿಂದ ಅಡುಗೆ ಮೆತ್ತಗಾಯಿತು.

ಪರೀಕ್ಷೆಯ ದಿನ ಹಾಲಿನಲ್ಲಿ ಲವಂಗದೆಣ್ಣೆಯ, ಸ್ಪಿರಿಟ್ಟಿನ ವಾಸನೆ. ಉದ್ದಕ್ಕೆ ಸಾಲಾಗಿ ಕುರ್ಚಿಗಳು, ಒಂದೊಂದರ ಮೇಲೂ ಕತ್ತು ಬಗ್ಗಿಸಿ ನಿಂತ ದೀಪ. ನರ್ಸಮ್ಮ ಅವನ ಕೊರಳಿಗೆ ಕಾಗದದ ಅಂಗವಸ್ತ್ರ ಕಟ್ಟಿದಳು. “ಬಂದ್ರಾ ಮಾವ? ನಿಮ್ಮ ಸಿಂಹಾಸನ ಒರೆಸಿ ಇಟ್ಟಿದ್ದೀನಿ.” ಪಕ್ಕದ ಕುರ್ಚಿಯಲ್ಲಿ ಒಬ್ಬ ಬಡಗಿ ಕೂತಿದ್ದ. ಮುಟ್ಟಿದರೆ ರಕ್ತ ಬರುವ ವಸಡು ಅವನ ಬಂಡವಾಳ. ಹುಡುಗರ ಗೊಣಗಾಟ ಅವನ ಕಿವಿಗೂ ಬಿದ್ದಿತ್ತು. “ನಂದು ಬರೀ ವಸಡು ಸ್ವಾಮಿ,” ಎಂದ ಅವನು ನಗುತ್ತ. “ನಿಮ್ಮ ಹಾಗೆ ಪದ್ಯ ಕಟ್ಟಿಸ್ಕೊಳ್ಳೋ ಯೋಗ ಎಲ್ಲಿ ಬಂತು?”

ಬೆಲ್ಲು ಹೊಡೆಯಿತು. ಮೈಕಣ್ಣ ಕಣ್ಣು ಮುಚ್ಚಿ, ಒಳಗೇ ಒಂದು ಪದ್ಯ ನೆನೆದು, ಬಾಯಿ ತೆರೆದ.

ಮೊದಲು ಬಂದ ಹುಡುಗ ಕನ್ನಡಿಯನ್ನು ಒಳಗಿಟ್ಟ. ಆದರೆ ದೃಷ್ಟಿ ಇದ್ದದ್ದು ಪರೀಕ್ಷಕರ ಹುಬ್ಬಿನ ಮೇಲೆ. “ನಾಲಿಗೆಯ ಎಡಭಾಗದಲ್ಲಿ ಭೂಪಟದಂಥ ಮಚ್ಚೆ ಸರ್, ಅಪಾಯ ಇಲ್ಲ. ಕೆನ್ನೆಯಲ್ಲಿ ಬಿಳಿ ಬಲೆ. ಅಂಗುಳದ ನಡುವೆ ಮೂಳೆ ಗಂಟು.”

“ಗುಡ್,” ಎಂದರು ಪರೀಕ್ಷಕರು. ಮೇಡಂ ತಲೆಯಾಡಿಸಿದರು.

ಮೈಕಣ್ಣನ ಎದೆ ಹಗುರಾಯಿತು. ಒಬ್ಬ ನೋಡಿದ, ಕಾಣಲಿಲ್ಲ. ಎರಡನೆಯವಳು ಬಂದಳು, ಹಾಗೇ ಹೇಳಿದಳು. ಮೂರನೆಯವನೂ ಹಾಗೇ. ನಾಲ್ಕನೆಯವನು ದೀಪ ಹಾಕುವುದನ್ನೇ ಮರೆತು, ಕತ್ತಲೆಯಲ್ಲೇ ಭೂಪಟ ಕಂಡ. ಅವನಿಗೂ ‘ಗುಡ್’ ಸಿಕ್ಕಿತು.

ಮೈಕಣ್ಣನಿಗೆ ಅಲ್ಲಿ ಒಂದು ವಿಷಯ ಕುಟುಕಿತು. ಭೂಪಟದ ನಾಲಿಗೆಯ ಗುಣವೇ ಅಲೆಯುವುದು. ಇವತ್ತು ಇಲ್ಲಿ ಇದ್ದ ಮಚ್ಚೆ ತಿಂಗಳು ಕಳೆದರೆ ಅಲ್ಲಿಗೆ ಹೋಗಿರುತ್ತದೆ. ಬಚ್ಚಲಿನ ಕನ್ನಡಿಯಲ್ಲಿ ಅಂದು ಅವನೇ ಕಂಡಿದ್ದ, ಈ ಸಲ ಇಡೀ ಭೂಪಟ ಗಂಟುಮೂಟೆ ಕಟ್ಟಿಕೊಂಡು ಬಲಕ್ಕೆ ವಲಸೆ ಹೋಗಿತ್ತು. ಎಡಭಾಗ ತೊಳೆದಿಟ್ಟ ಹಲಗೆಯ ಹಾಗೆ ನುಣ್ಣಗಿತ್ತು. ಆದರೂ ಬಂದವರೆಲ್ಲ “ಎಡಕ್ಕೆ” ಎಂದರು. ಮೇಡಂ ಅವರ ಉತ್ತರಪಟ್ಟಿಯಲ್ಲೂ ಎಡಕ್ಕೇ ಇತ್ತು. ಯಾರೋ ಎಂದೋ ಕಂಡದ್ದು ಪದ್ಯವಾಗಿ, ಈಗ ಪದ್ಯ ಮಾತ್ರ ಕಾಣುತ್ತಿತ್ತು.

ಹಾಗಾದರೆ ಇಲ್ಲಿ ಯಾರೂ ನೋಡುತ್ತಲೇ ಇಲ್ಲ. ನೋಡದವರಿಗೆ ಕಾಣದೆ ಇದ್ದದ್ದು ಇಲ್ಲ ಎಂದಾದೀತೆ?

ನೆಮ್ಮದಿ ಹೋಗಿ ಮೊದಲು ಅವಮಾನ ಬಂತು. ಇಷ್ಟು ವರ್ಷ ತನ್ನ ಬಾಯಿಗೆ ಸಿಕ್ಕ ಮರ್ಯಾದೆಯೆಲ್ಲ ಬಾಯಿಪಾಠಕ್ಕೆ ಸಿಕ್ಕದ್ದೇ? ಅವಮಾನ ಆರುವ ಮೊದಲೇ ಅದರ ಹಿಂದೆ ಭಯ ಬಂತು. ಮುಂದಿನ ಹುಡುಗನ ಎದುರಿಗೆ ಅವನು ಮೆಲ್ಲಗೆ ನಾಲಿಗೆಯನ್ನು ಮೇಲಕ್ಕೆತ್ತಿದ. ಮಾತಾಡಬಾರದು ಎಂದಿತ್ತೇ ಹೊರತು ನಾಲಿಗೆ ಎತ್ತಬಾರದು ಎಂದಿರಲಿಲ್ಲ.

“ಮಾವ, ನಾಲಿಗೆ ಆಡಿಸ್ಬೇಡಿ, ನೋಡ್ತಾ ಇದ್ದೀನಲ್ಲ,” ಎಂದ ಹುಡುಗ, ಗಡಿಯಾರ ನೋಡುತ್ತ.

ಮತ್ತೊಬ್ಬಳ ಮುಂದೆ ಎತ್ತಿದ. ಅವಳು ಕನ್ನಡಿಯ ಹಿಂಬದಿಯಿಂದ ನಾಲಿಗೆಯನ್ನು ಕೆಳಗೆ ಒತ್ತಿ, “ಎಡಕ್ಕೆ” ಎಂದು ಶುರುಮಾಡಿದಳು. ಊಟದ ಹೊತ್ತಿಗೆ ಎತ್ತಿ ಎತ್ತಿ ಅವನ ದವಡೆ ಸೋತಿತ್ತು. ಪೊಟ್ಟಣ ಬಿಚ್ಚಿಕೊಂಡು ಬಡಗಿ ಕೇಳಿದ, “ಏನ್ ಸ್ವಾಮಿ, ನಾಲಿಗೆ ಹಿಂಗೆ ಎತ್ತಿ ಎತ್ತಿ ಇಳಿಸ್ತಿದ್ರಿ? ಹಲ್ಲಿ ನೊಣ ಹಿಡಿಯೋ ಹಾಗೆ?” ಮೈಕಣ್ಣ ನಗಲು ಹೋದ, ಆಗಲಿಲ್ಲ. ಅವನಿಗೆ ಆಗ ಹೆಂಡತಿಯ ಮೆತ್ತನೆಯ ಅಡುಗೆ ನೆನಪಾಯಿತು. ಇಡೀ ಊರಲ್ಲಿ ನೋಡದೆಯೂ ಕಂಡವಳು ಅವಳೊಬ್ಬಳೇ.

ಸಂಜೆಯ ಹೊತ್ತಿಗೆ ಕೊನೆಯ ಸರದಿ ಬಂತು. ಬಂದವಳನ್ನು ಮೈಕಣ್ಣ ನೋಡಿದ ಕೂಡಲೇ ಗುರುತಿಸಿದ. ಹೋದ ವರ್ಷ ಇದೇ ಕುರ್ಚಿಯ ಪಕ್ಕದಲ್ಲಿ ಫೇಲಾದ ಹುಡುಗಿ. ಆಮೆ ಎಂದು ಅವನೇ ಮನಸ್ಸಿನಲ್ಲಿ ಹೆಸರಿಟ್ಟಿದ್ದ. ತುಟಿಯಿಂದ ಶುರುಮಾಡಿ, ಬೆಲ್ಲು ಹೊಡೆಯುವಾಗ ಇನ್ನೂ ಕೆನ್ನೆಯಲ್ಲೇ ಇದ್ದವಳು. ಅವಳು ಮನೆಯಿಂದ ಓಡಾಡುವವಳು, ಹಾಸ್ಟೆಲಿನ ಪದ್ಯ ಅವಳವರೆಗೆ ಬಂದಿರಲಿಲ್ಲ. ಈ ಸಲವೂ ಅವಳು ಕೈಗವಸು ಸರಿಮಾಡಿಕೊಂಡು, ದೀಪವನ್ನು ಬಗ್ಗಿಸಿ, ತುಟಿಯನ್ನು ಮಡಿಸಿ ನೋಡಿದಳು. ವಸಡಿಗೆ ಬಂದಳು. ಕೆನ್ನೆಗೆ ಬಂದಳು, ಎಡಗೆನ್ನೆ, ಬಲಗೆನ್ನೆ. ಅಂಗುಳದ ಗಂಟನ್ನು ಬೆರಳಿನಿಂದ ಸವರಿದಳು. ಗಾಜ್ ಬಟ್ಟೆಯಲ್ಲಿ ನಾಲಿಗೆಯ ತುದಿ ಹಿಡಿದು ಈ ಮಗ್ಗುಲಿಗೆ, ಆ ಮಗ್ಗುಲಿಗೆ ಎಳೆದಳು. ಹಳೆಯ ಕಾಲದವರು ಗ್ರಂಥ ಓದುವ ಹಾಗೆ, ಒಂದಕ್ಷರ ಹಾರಿಸದೆ.

“ಈಗ ನಾಲಿಗೆ ಎತ್ತಿ ಮಾವ. ಅಂಗುಳಕ್ಕೆ ತಾಗಿಸಿ.”

ಬೆಳಗಿನಿಂದ ಯಾರೂ ಕೇಳದೆ ಎತ್ತಿದ ನಾಲಿಗೆ ಈಗ ಕೇಳಿದ ಕೂಡಲೇ ಕಲ್ಲಾಯಿತು. ಇವಳು ನೋಡುತ್ತಾಳೆ. ಇವಳು ನೋಡಿದರೆ ಅದು ಇರುತ್ತದೆ. ಮೈಕಣ್ಣನ ನಾಲಿಗೆ ಕೆಳಗಿನ ಹಲ್ಲುಗಳ ಹಿಂದೆ ಹೋಗಿ, ಬೇಟೆಗಾರನನ್ನು ಕಂಡ ಮೊಲದ ಹಾಗೆ ಅಡಗಿ ಕೂತಿತು.

“ನೋವಾಗುತ್ತಾ?”

ಇಲ್ಲ ಎಂದು ತಲೆಯಾಡಿಸಿದ.

“ಹಾಗಿದ್ರೆ ಸ್ವಲ್ಪ…”

ಬೆಲ್ಲು ಹೊಡೆಯಿತು.

“ಟೈಮಾಯ್ತು,” ಎಂದರು ಪರೀಕ್ಷಕರು. “ಏನು ಕಂಡೆ?”

“ಇನ್ನೊಂದು ಜಾಗ ಬಾಕಿ ಇದೆ ಸರ್.”

“ಆ ಬಾಯಲ್ಲಿ ಬಾಕಿ ಏನೂ ಇಲ್ಲಮ್ಮ,” ಎಂದರು ಮೇಡಂ, ಹಳೆಯ ನೆಂಟರ ಮನೆಯ ವಿಷಯ ಹೇಳುವ ಹಾಗೆ. “ಅದರ ಮೂಲೆ ಮೂಲೆ ನನಗೆ ಗೊತ್ತು. ಕಂಡದ್ದು ಹೇಳು.”

ಹುಡುಗಿ ಬಲೆ ಹೇಳಿದಳು, ಗಂಟು ಹೇಳಿದಳು. “ನಾಲಿಗೆ ಮೇಲೆ ಬಲಕ್ಕೆ ಭೂಪಟದಂಥ ಮಚ್ಚೆ.”

“ಎಡಕ್ಕೆ.”

“ಬಲಕ್ಕೆ ಮೇಡಂ.”

“ಎದುರಿಗೆ ನಿಂತು ನೋಡಿದ್ರೆ ಎಡ ಬಲ ಅದಲುಬದಲಾಗುತ್ತೆ ಅನ್ನೋದೂ ಗೊತ್ತಿಲ್ವಾ ಈಕೆಗೆ?” ಎಂದು ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. “ಹೋದ ವರ್ಷವೂ ಇದೇ ಕಥೆ ಅಲ್ವಾ? ನಾಲಿಗೆ ಕೆಳಗೆ?”

“ನೋಡೋಕಾಗ್ಲಿಲ್ಲ ಸರ್. ಅದಕ್ಕೆ ಗೊತ್ತಿಲ್ಲ.”

“ಎಲ್ಲರೂ ಏನೂ ಇಲ್ಲ ಅಂದಿದ್ದಾರೆ.”

“ಇರಬಹುದು ಸರ್. ನಾನು ನೋಡಿಲ್ಲ.”

ಈ ಮಾತು ಮೈಕಣ್ಣನನ್ನು ಅಲ್ಲಾಡಿಸಿತು. ಗೊತ್ತಿಲ್ಲ ಎಂದು ಹೇಳುವ ಬಾಯಿಯನ್ನು ಅವನು ಆ ಹಾಲಿನಲ್ಲಿ ಇದುವರೆಗೆ ಕೇಳಿರಲಿಲ್ಲ. ಮಂದಿರದಲ್ಲಿಯೂ ಕೇಳಿರಲಿಲ್ಲ. ದೇವರು ತನ್ನ ಸರದಿಗೆ ಬಂದು, ಎಲ್ಲರಿಗಿಂತ ನಿಧಾನವಾದ ಕಣ್ಣನ್ನು ಆರಿಸಿ ಕಳಿಸಿದ್ದಾನೆ. ಬಾಗಿಲು ಹಾಕಿಕೊಂಡು ಒಳಗೆ ಕೂತಿರುವವನು ತಾನು. ಪರೀಕ್ಷಕರ ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಅವನು “ಆ” ಎಂದು ದೊಡ್ಡದಾಗಿ ಬಾಯಿ ತೆರೆದು, ನಾಲಿಗೆಯನ್ನು ಎತ್ತಿ ಅಂಗುಳದ ಗಂಟಿಗೆ ಒತ್ತಿ ಹಿಡಿದ. ಕಣ್ಣಂಚಿನಲ್ಲಿ ನೀರು ಬಂತು. ಇಳಿಸಲಿಲ್ಲ.

ಹುಡುಗಿ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಬೆರಳಿಟ್ಟು ಮುಟ್ಟಿದಳು.

“ಮೇಡಂ,” ಎಂದಳು. “ಸ್ವಲ್ಪ ಬನ್ನಿ.”

ಮೇಡಂ ಬೇಸರದಿಂದಲೇ ಎದ್ದು ಬಂದರು. ಮೊದಲು ಅವರ ಕಣ್ಣಿಗೆ ಬಿದ್ದದ್ದು ನುಣ್ಣಗಿದ್ದ ಎಡನಾಲಿಗೆ. ಹುಬ್ಬು ಗಂಟಾಯಿತು. ಆಮೇಲೆ ಕೆಳಗೆ ನೋಡಿದರು.

“ಎಷ್ಟು ದಿನದಿಂದ ಇದೆ ಇದು?”

ಮೈಕಣ್ಣ ನಾಲಿಗೆ ಇಳಿಸಿ, ದವಡೆ ಸವರಿಕೊಂಡು ಹೇಳಿದ. “ಮಳೆ ನಿಂತಾಗಿನಿಂದ.”

“ಅಷ್ಟು ದಿನದಿಂದ? ಯಾಕ್ರೀ ಹೇಳಲಿಲ್ಲ? ಬೆಳಗ್ಗೆಯಿಂದ ಇಲ್ಲೇ ಕೂತಿದ್ದೀರಿ!”

“ರೋಗಿ ಮಾತಾಡಬಾರದು ಅಂತ ನೀವೇ ಹೇಳಿದ್ರಲ್ಲ ಮೇಡಂ.”

ಮುಂದಿನದೆಲ್ಲ ಬೇಗಬೇಗ ನಡೆಯಿತು. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದಾಗಲು ಹೊರಟಿದೆ, ಇನ್ನೂ ಆಗಿಲ್ಲ ಎಂದು ವರದಿ ಬಂತು. ಹೊಸ್ತಿಲಲ್ಲಿ ಕಾಲಿಟ್ಟ ಕಳ್ಳನನ್ನು ಅಲ್ಲೇ ಹಿಡಿದಂತೆ, ಸುತ್ತಲಿನ ಮಾಂಸದೊಡನೆ ತೆಗೆದುಹಾಕಿ ಹೊಲಿದರು. ಮುರಿದ ಹಲ್ಲಿನ ಚೂಪನ್ನೂ ಕಡೆಗೆ ಯಾರೋ ಉಜ್ಜಿ ನಯಮಾಡಿದರು. ಗಾಯ ಒಣಗುವವರೆಗೆ ಮಾತಾಡಬೇಡಿ ಎಂದರು. “ಅದಕ್ಕೇನು ಕಷ್ಟ?” ಎಂದಳು ಹೆಂಡತಿ. “ಹೇಳಬೇಕಾದಾಗಲೇ ಹೇಳದವರು ಇವರು.” ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಅವಳು ಬಹಳ ಹೊತ್ತು ಪಾತ್ರೆ ತೊಳೆದಳು. ತೊಳೆಯುವ ಪಾತ್ರೆ ಅಷ್ಟಿರಲಿಲ್ಲ.

ಹುಡುಗಿಯ ವಿಷಯ ಪರೀಕ್ಷಾ ಮಂಡಳಿಯ ಮುಂದೆ ಹೋಯಿತು. ಅವಳು ಕಂಡದ್ದು ಸರಿ ಎಂದು ಬರೆದರೆ ಉಳಿದವರೆಲ್ಲ ಫೇಲು. ಮೊದಲೇ ಸಹಿಯಾದ ಉತ್ತರಪಟ್ಟಿಯನ್ನು ಆಮೇಲೆ ತಿದ್ದಲು ನಿಯಮವಿಲ್ಲ. ಹೀಗಾಗಿ ಆ ದಿನದ ಮಟ್ಟಿಗೆ ಭೂಪಟ ಎಡಕ್ಕೇ ಇತ್ತು, ನಾಲಿಗೆಯ ಅಡಿಯಲ್ಲಿ ಏನೂ ಇರಲಿಲ್ಲ ಎಂದು ತೀರ್ಮಾನವಾಯಿತು. ಮೇಡಂಗೂ ಮನಸ್ಸಾಕ್ಷಿ ಇತ್ತು. ‘ರೋಗಿಯೊಡನೆ ಸೌಜನ್ಯದ ನಡವಳಿಕೆ’ ಎಂಬ ಕಲಮಿನಡಿ ಅಂಕ ತುಂಬಿ ಕೊಟ್ಟು ಹುಡುಗಿಯನ್ನು ಪಾಸು ಮಾಡಿದರು. ವಿಷಯ ತಿಳಿದ ಮೈಕಣ್ಣ ಅವಳಿಗೆ ಕೈ ಮುಗಿದ. ಹುಡುಗಿ ನಾಚಿ, “ಒಮ್ಮೆ ನಾಲಿಗೆ ಎತ್ತಿ ಮಾವ, ಹೊಲಿಗೆ ನೋಡ್ತೀನಿ,” ಎಂದಳು.

ಮರುವರ್ಷ ಮತ್ತೆ ಕರೆ ಬಂತು. ಬಾಯಿಯ ಬೆಲೆ ಈಗ ಹೆಚ್ಚಾಗಿತ್ತು. “ನಾಲ್ಕು ಒಂದೇ ಬಾಯಲ್ಲಿ!” ಎಂದು ಮೇಡಂ ಹೊಸ ಪರೀಕ್ಷಕರಿಗೆ ಪರಿಚಯಿಸಿದರು. ಹೊರಡುವಾಗ ಹೆಂಡತಿ ಬಾಗಿಲಲ್ಲೇ ತಡೆದು ಟಾರ್ಚು ಹಿಡಿದು ನೋಡಿ ಕಳಿಸಿದ್ದಳು. ಅದು ಈಗ ಮನೆಯ ಪದ್ಧತಿಯಾಗಿತ್ತು. ಹಾಲಿನ ಹೊರಗೆ ಗೋಡೆಗೆ ಹಣೆ ಹಚ್ಚಿದವರ ಗೊಣಗಾಟ ಕೇಳಿಸಿತು. ಮೈಕಣ್ಣ ಅಭ್ಯಾಸಬಲದಿಂದ ನಿಂತು ಕಿವಿಗೊಟ್ಟ. ಪದ್ಯ ಹಾಗೇ ಇತ್ತು. ಬಲಕ್ಕೆ ಎಂದರೆ ಪ್ರಾಸ ಕೆಡುತ್ತದೆಂದು ಎಡಕ್ಕೇ ಬಿಟ್ಟಿದ್ದರು. ಪ್ರಾಸಕ್ಕೆ ಮರ್ಯಾದೆ ಕೊಟ್ಟೋ ಏನೋ, ಅಷ್ಟರಲ್ಲಿ ಭೂಪಟವೂ ತಾನಾಗಿ ಎಡಕ್ಕೆ ಮರಳಿತ್ತು. ಕೊನೆಗೊಂದು ಸಾಲು ಹೊಸದಾಗಿ ಸೇರಿತ್ತು:

ಅಡಿಯಲ್ಲಿ ಹೊಲಿದ ಕಲೆ, ಹಳೆಯದದು, ನೋಡದಿರು.

ಮಾತ್ರೆ ಸರಿಯಿತ್ತು. ಪ್ರಾಸವೂ ಸರಿಯಿತ್ತು. ಮೈಕಣ್ಣ ಈ ಸಲ ಬೆರಳು ಮಡಿಸಲಿಲ್ಲ. ಒಳಗೆ ಹೋಗಿ ಕುರ್ಚಿಯಲ್ಲಿ ಒರಗಿ, ಅಂಗವಸ್ತ್ರ ಕಟ್ಟಿಸಿಕೊಂಡು, ಬಾಯಿ ತೆರೆದ. ಮೊದಲನೆಯ ಹುಡುಗ ಬಂದು ಕನ್ನಡಿ ಒಳಗಿಟ್ಟು, ಪರೀಕ್ಷಕರ ಹುಬ್ಬು ನೋಡುತ್ತ, “ಎಡಕ್ಕೆ…” ಎಂದ.

ಮೈಕಣ್ಣ ಮಾತಾಡಲಿಲ್ಲ, ನಿಯಮ ನಿಯಮವೇ. ವೈರು ಸುಲಿದ ಹಲ್ಲುಗಳಿಂದ ಕನ್ನಡಿಯ ಹಿಡಿಯನ್ನು ಮೆತ್ತಗೆ ಕಚ್ಚಿದ. ಹುಡುಗ ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ಬರಲಿಲ್ಲ. ಕಡೆಗೆ ಬೇರೆ ದಾರಿಯಿಲ್ಲದೆ, ದೀಪವನ್ನು ಹತ್ತಿರಕ್ಕೆ ಬಗ್ಗಿಸಿ, ಅದು ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯಲು ಆ ಬಾಯಿಯೊಳಗೆ ಇಣುಕಿ ನೋಡಿದ. ಮೈಕಣ್ಣ ಆಗ ಹಲ್ಲು ಸಡಿಲಿಸಿ, ನಾಲಿಗೆಯನ್ನು ಮೇಲಕ್ಕೆತ್ತಿದ.